ಬಾವಿಗೆ ಕಾಲು ಬಂದ ಮನೆ

ಗುರುಪುರ
11–6–1973

ಚಿ. ಸೌ. ರಾಚಮ್ಮನಿಗೆ ಅಕ್ಕ ಚಿಕ್ಕಬಸಮ್ಮನ ಆಶೀರ್ವಾದ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯಬೇಕಂತೆ, ಬರೆದಿದ್ದೇನೆ. ನೀನು ಚೆನ್ನಾಗಿದ್ದೀಯಾ ಎಂಬುದೇ ನನಗೆ ಅನುಮಾನ.

ನಿನ್ನೆ ಭಾನುವಾರ ಪಂಚಾಯ್ತಿ ಕಟ್ಟೆಯ ಮೇಲೆ ಕೂತು ‘ಮೂಲೆಮನೆ ಮಂದಿ’ ಕೇಳಿದೆವು. ನೀನು ಬೆಂಗಳೂರು ಸೇರಿ ರೇಡಿಯೋದಲ್ಲಿ ಆ ಮನೆಯ ಸೊಸೆ ಚೆನ್ನಿ ಆದಾಗಿನಿಂದ ನಾನು ಒಂದು ವಾರವೂ ತಪ್ಪಿಸಿಲ್ಲ. ಊರಿನವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಮನೆಯ ಮೇಲೇ ನನಗೆ ನಂಬಿಕೆ ಇಲ್ಲ.

ಬಾವಿಯ ವಿಷಯವನ್ನೇ ತಗೋ. ಯುಗಾದಿಯ ವಾರ ನಿನ್ನ ಅತ್ತೆ ಪಾತ್ರದವಳು ‘ಹಿತ್ತಲ ಬಾವಿ’ ಎಂದಳು. ನಿನ್ನೆ ನೀನು ಬೀದಿ ಬಾಗಿಲಲ್ಲಿ ನಿಂತು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುತ್ತಿದ್ದೆ, ರಾಟೆ ನಿನ್ನ ಪಕ್ಕದಲ್ಲೇ ಕಿರ್‍ರೋ ಎಂದಿತು. ಪಕ್ಕದ ಮನೆ ಕುಳ್ಳಮ್ಮ ಬಿಟ್ಟಾಳೆಯೇ? “ಅಲ್ಲ ಕಣಕ್ಕ, ನಿನ್ ತಂಗಿ ಮನೆ ಬಾವಿ ಹಿಂದ್ಲಿಂದ ಮುಂದಕ್ಕೆ ಬಂದೈತಲ್ಲ, ಬಾವಿಗೂ ಕಾಲು ಬಂದ್ವಾ ಬೆಂಗ್ಳೂರ್ನಲ್ಲಿ?” ಎಂದಳು. ರೇಡಿಯೋ ಬೀಗದ ಕೈ ಇಟ್ಟುಕೊಂಡಿರುವ ಮರಿಯಯ್ಯ, “ನಾಟ್ಕ ಕಣಮ್ಮಿ ಅದು! ಬಾವಿ ಎಲ್ಲಿದ್ರೇನು, ನೀನೇನು ನೀರು ಸೇದಕ್ಕೆ ಓಗ್ಬೇಕಾ?” ಎಂದು ಗದರಿದ. ಅವನಿಗೇನು, ಅವನ ತಂಗಿ ಅಲ್ಲಿಲ್ಲ.

ಮಾವನಿಗೆ ಕಿವಿ ಕೇಳುವುದಿಲ್ಲ ಎಂದು ಮೊದಲ ವಾರದಿಂದ ಕೂಗಿ ಕೂಗಿ ಮಾತಾಡಿದಿರಿ. ನಿನ್ನೆ ಅತ್ತೆ ಒಳಗೆ ಪಿಸುಗುಟ್ಟಿ ಕಾಫಿ ಬೆರೆಸಿಕೊಂಡರೆ ಜಗುಲಿಯಿಂದ “ನಂಗೂ ಒಂದು ಲೋಟ” ಎಂದನಲ್ಲ! ಮಹಡಿ ಇಲ್ಲದ ಹಂಚಿನ ಮನೆ ಎಂದಿದ್ದಿರಿ, ಮೈದುನ ಧಡಧಡ ಮೆಟ್ಟಿಲಿಳಿದು ಬಂದ. ಯಾವ ಮೆಟ್ಟಿಲು?

ನೀನು ಮೊರದಲ್ಲಿ ಕೇರಿದ್ದಂತೂ ಇಲಿ ಕಾಗದ ಕೆರೆದಂತಿತ್ತು. ಕೇರಿ ಮುಗಿದ ಮೇಲೆ ನಮ್ಮವ್ವ ಮೊರ ಬೋರಲು ಮಾಡಿ ಬೆನ್ನಿಗೆ ಎರಡು ಸಲ ತಟ್ಟುತ್ತಿದ್ದಳಲ್ಲ, ನಾವೂ ಹಾಗೇ ಮಾಡುತ್ತಿದ್ದೆವಲ್ಲ, ನೀನು ತಟ್ಟಲಿಲ್ಲ. ಅಷ್ಟು ಬೇಗ ಮರೆತೆಯಾ?

ಇವೆಲ್ಲ ಹೋಗಲಿ. ನಿಜವಾಗಿ ಕೇಳಬೇಕಾದ್ದು ಇದು. ಚೆನ್ನಿ ನಿನ್ನೆ ನಡುನಡುವೆ ಕೆಮ್ಮಿದಳು. ಮನೆ ತುಂಬ ಜನ ಇದ್ದರೂ ಒಬ್ಬರೂ “ಯಾಕೆ ಕೆಮ್ತೀಯ” ಎನ್ನಲಿಲ್ಲ. ನಾಟಕದಲ್ಲಿ ಬರೆದ ಕೆಮ್ಮಾಗಿದ್ದರೆ ಯಾರಾದರೂ ಕೇಳುವ ಹಾಗೂ ಬರೆದಿರುತ್ತಿದ್ದರು. ಕೇಳಲಿಲ್ಲ ಎಂದರೆ ಆ ಕೆಮ್ಮು ಚೆನ್ನಿಯದಲ್ಲ, ನಿನ್ನದು. ನಿಜ ಹೇಳು.

ನಿನ್ನ ಅಕ್ಕ
ಚಿಕ್ಕಬಸಮ್ಮ


ಬೆಂಗಳೂರು
25–6–1973

ಅಕ್ಕನಿಗೆ ರಾಚಿಯ ನಮಸ್ಕಾರ.

ನಿನ್ನ ಕಾಗದ ಓದಿ ನಾನೂ ಇವರೂ ನಕ್ಕಿದ್ದೇ ನಕ್ಕಿದ್ದು. ಇಷ್ಟು ಗಮನ ಕೊಟ್ಟು ಕೇಳುವವಳು ಇಡೀ ರಾಜ್ಯದಲ್ಲಿ ನೀನೊಬ್ಬಳೇ ಇರಬೇಕು ಎಂದರು.

ಅಲ್ಲಿ ಮನೆಯೇ ಇಲ್ಲ ಅಕ್ಕ. ಒಂದು ಕೋಣೆ. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ್ದಾರೆ. ನಡುವೆ ಮೈಕು, ಸುತ್ತ ನಾವು ಕಾಗದ ಹಿಡಿದು ನಿಂತಿರುತ್ತೇವೆ. ಅಲ್ಲಿ ಇವರ ಕೆಲಸವೇ ಸದ್ದು ಮಾಡುವುದು, ನಿನಗೆ ಗೊತ್ತಲ್ಲ. ಒಂದು ಹಲಗೆಗೆ ಚಿಲಕ ಬಡಿದಿದ್ದಾರೆ, ಬೀದಿ ಬಾಗಿಲೂ ಅದೇ, ಹಿತ್ತಲ ಬಾಗಿಲೂ ಅದೇ. ರಾಟೆಯನ್ನು ಒಂದು ಸ್ಟ್ಯಾಂಡಿಗೆ ನೇತುಹಾಕಿದ್ದಾರೆ. ಮೊರದ ಸದ್ದಿಗೆ ಹಳೆ ಪೇಪರು ಉಜ್ಜುತ್ತಾರೆ. ನಿನಗೆ ಇಲಿ ಕೇಳಿಸಿದ್ದರಲ್ಲಿ ತಪ್ಪಿಲ್ಲ.

ಒಂದು ವಾರ ಒಬ್ಬರು ಬರೆಯುತ್ತಾರೆ, ಇನ್ನೊಂದು ವಾರ ಇನ್ನೊಬ್ಬರು. ಒಬ್ಬರು ತೋಡಿದ ಬಾವಿ ಎಲ್ಲಿದೆ ಎಂದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ನನ್ನ ಕೈಲಿರುವುದು ನನ್ನ ಮಾತು ಮಾತ್ರ. ಹಿಂದೆ ಚೆನ್ನಿ ರಾಗಿ ಅಳೆಯುವಾಗ ‘ಒಂದು, ಎರಡು’ ಎಂದು ಬರೆದಿದ್ದರು. ಮೊದಲ ಸೇರನ್ನು ಒಂದು ಎಂದರೆ ಮನೆಗೆ ಏಳಿಗೆಯೇ? ನಾನು ‘ಲಾಭ, ಎರಡು’ ಎಂದೇ ಓದಿದೆ. ಅವರಿಗೂ ಹಿಡಿಸಿತು. ಆಮೇಲಿಂದ ಹಾಗೇ ಬಿಟ್ಟಿದ್ದಾರೆ.

ಕೆಮ್ಮು ಬರೆದದ್ದೇ. ಯಾರೂ ಕೇಳದೆ ಇದ್ದದ್ದು ಬರೆದವರ ಮರೆವು. ನೀನು ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ರಾಚಿ


ಗುರುಪುರ
20–8–1973

ರಾಚಮ್ಮನಿಗೆ ಆಶೀರ್ವಾದ.

ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕಿದ್ದಾರೆ. ಹಗಲೆಲ್ಲ ಕಡ್ಡಿಗೆ ಹೊಗೆಸೊಪ್ಪು ಕಟ್ಟಿ ಕಟ್ಟಿ ಕೈಗೆ ಅಂಟು ಹಿಡಿದು ಕಪ್ಪಾಗಿದೆ. ಈ ಕಾಗದದ ಮೇಲೆ ಕಲೆ ಕಂಡರೆ ಅದು ಸೊಪ್ಪಿನ ಅಂಟು, ಕಣ್ಣೀರು ಎಂದುಕೊಳ್ಳಬೇಡ.

ಹೋದ ವಾರ, ಅದರ ಹಿಂದಿನ ವಾರ, ಎರಡೂ ಸಲ ಚೆನ್ನಿಯ ದನಿಯೇ ಇಲ್ಲ. ಯಾರೋ ಕೇಳಿದ್ದಕ್ಕೆ ಅತ್ತೆ, ಸೊಸೆ ತವರಿಗೆ ಹೋಗಿದ್ದಾಳೆ ಎಂದಳು. ಜನ ಅದನ್ನು ನಂಬಿ ಮನೆಗೆ ಹೋದರು. ನಾನು ಕಟ್ಟೆ ಬಿಟ್ಟು ಏಳಲಿಲ್ಲ. ಚೆನ್ನಿಗೆ ತವರು ಎಲ್ಲಿಂದ ಬಂತು? ಸಂಕ್ರಾಂತಿಯ ವಾರ ಎಳ್ಳು ಬೀರುವಾಗ “ನಂಗೆ ತವರೇ ಇಲ್ಲ ಅತ್ತೆ, ನೀವೇ ನಮ್ಮವ್ವ” ಎಂದು ಅತ್ತವಳು ಅವಳು. ಕುಳ್ಳಮ್ಮನೂ ಜೊತೆಗೆ ಅತ್ತಿದ್ದಳು. ಇಲ್ಲದ ತವರಿಗೆ ಕಳಿಸಿದ್ದಾರೆ ಎಂದರೆ ಅವಳನ್ನು ನಿಜವಾಗಿ ಎಲ್ಲಿಗೆ ಕಳಿಸಿದರು?

ಇದು ಬರೆದವರ ಮರೆವು ಎಂದು ನೀನು ಹೇಳುತ್ತೀಯ. ಇರಬಹುದು. ಆದರೆ ಚೆನ್ನಿಗೆ ತವರಿಲ್ಲದಿದ್ದರೂ ನಿನಗಿದೆ, ನಾನಿದ್ದೇನೆ. ಎರಡು ವಾರ ನಿನಗೆ ರೇಡಿಯೋದಲ್ಲಿ ಕೆಲಸವಿರಲಿಲ್ಲ ಎಂದ ಮೇಲೆ ಇಲ್ಲಿಗೆ ಏಕೆ ಬರಲಿಲ್ಲ? ಹುಣಸೂರಿನ ಬಸ್ಸು ನಿಂತಾಗಲೆಲ್ಲ ಬ್ಯಾರನ್ನಿನ ಬಾಗಿಲಿಗೆ ಬಂದು ಇಣುಕಿದೆ. ನಿಮ್ಮ ಭಾವ, “ಯಾರ್ನ ಕಾಯ್ತಿದ್ದೀಯೆ, ಸೊಪ್ಪು ಬಾಡೋಯ್ತದೆ” ಎಂದು ಬೈದರು. ಬಾಡಿತು ಕೂಡ.

ನಿನ್ನ ಯಜಮಾನರು ರುದ್ರಸ್ವಾಮಿಯವರು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರಾ? ಅವರಿಗೆ ತೋರಿಸದೆ ಬರೆ.

ಅಕ್ಕ


ಬೆಂಗಳೂರು
9–9–1973

ಅಕ್ಕನಿಗೆ ನಮಸ್ಕಾರ.

ಊರಿಗೆ ಬರಲು ಆಗಲಿಲ್ಲ. ಚೆನ್ನಿ ಇನ್ನು ಮೇಲೆ ಬರುತ್ತಾಳೆ, ಕೇಳು. ನೆಗಡಿಯಾಗಿತ್ತು, ದನಿ ಸ್ವಲ್ಪ ಬೇರೆ ಅನ್ನಿಸಬಹುದು. ಇವರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾರೆ. ನಿನ್ನ ಕೈಗೆ ಹರಳೆಣ್ಣೆ ಹಚ್ಚಿಕೋ.

ರಾಚಿ


ಗುರುಪುರ
8–10–1973

ರಾಚಮ್ಮನಿಗೆ,

ಎರಡು ಹಾಳೆಗೆ ಕಡಿಮೆ ನೀನು ಎಂದೂ ಬರೆದವಳಲ್ಲ. ಹೋದ ಸಲದ್ದು ಬೆನ್ನಟ್ಟಿದವರಿಗೆ ಹೆದರಿ ಬರೆದ ಹಾಗಿತ್ತು. ಅದನ್ನು ದಿಂಬಿನ ಕೆಳಗಿಟ್ಟುಕೊಂಡು ನಾಲ್ಕು ಭಾನುವಾರ ಕಿವಿಯಾಗಿ ಕೂತೆ.

ದನಿ ನಿನ್ನ ಹಾಗೇ ಇದೆ. ಮಾತು ಎಳೆಯುವುದು, ಮೂಗಿನಲ್ಲಿ ನಗುವುದು, ಎಲ್ಲ ನಿನ್ನದೇ. ಮರಿಯಯ್ಯ ಹೇಳಿದ, “ನಿನ್ ತಂಗೀನೇ ಕಣಮ್ಮಿ, ಸುಮ್ಕಿರು.” ನಾನೂ ಸುಮ್ಮನಾಗಿದ್ದೆ. ನಿನ್ನೆ ಚೆನ್ನಿ ರಾಗಿ ಅಳೆದಳು. “ಒಂದು” ಎಂದಳು. ಒಂದು, ಎರಡು, ಮೂರು ಎಂದು ಅಂಗಡಿಯವನು ಮೊಳೆ ಎಣಿಸುವ ಹಾಗೆ ಎಣಿಸಿದಳು.

ಬೇರೆಯವರು ಏನು ಬರೆದುಕೊಟ್ಟರೂ ನಿನ್ನ ಬಾಯಲ್ಲಿ ಅದು ಬರುವುದಿಲ್ಲ. ಅವಳು ನೀನಲ್ಲ. ನಿನ್ನ ಜಾಗದಲ್ಲಿ ಯಾರು ನಿಂತಿದ್ದಾರೆ? ಏಕೆ ನಿಂತಿದ್ದಾರೆ?

ಕುಳ್ಳಮ್ಮ ನನ್ನ ಮುಖ ನೋಡಿ ಪಕ್ಕಕ್ಕೆ ಕರೆದಳು. “ಗಂಡ ಅಲ್ಲೇ ಕೆಲ್ಸ ಮಾಡದು, ಎಂಡ್ತಿ ಅಲ್ಲೇ ಇದ್ಲು. ಈಗ ಎಂಡ್ತಿ ಇಲ್ಲ, ಅವಳಂಗೇ ಮಾತಾಡೋ ಇನ್ನೊಬ್ಳು ಅವಳೆ. ನಾನೇನೂ ಯೋಳಕಿಲ್ಲ ಬುಡಕ್ಕ, ನೀನೇ ಯೋಚ್ನೆ ಮಾಡು” ಎಂದಳು. ಅವಳ ಬಾಯಿಗೆ ಬೀಗವಿಲ್ಲ, ನನಗೆ ಗೊತ್ತು. ಆದರೆ ಅವಳು ಹೇಳುವ ಮೊದಲೇ ನನ್ನ ತಲೆಯಲ್ಲೂ ಅದು ಬಂದಿತ್ತು.

ಇನ್ನು ಕಾಗದ ನಂಬುವುದಿಲ್ಲ. ಈ ತಿಂಗಳು ಇಪ್ಪತ್ತೆರಡು, ಸೋಮವಾರ, ಹುಣಸೂರಿನ ಪೋಸ್ಟಾಫೀಸಿಗೆ ಹೋಗಿ ರುದ್ರಸ್ವಾಮಿಯವರ ಆಫೀಸಿಗೆ ಟ್ರಂಕ್ ಕಾಲ್ ಮಾಡಿಸುತ್ತೇನೆ. ಮಧ್ಯಾಹ್ನ ನೀನು ಅಲ್ಲಿರಬೇಕು. ಹೆಚ್ಚು ಮಾತು ಬೇಡ. “ಅಕ್ಕ” ಅನ್ನು. ಅಷ್ಟು ಕೇಳಿಸಿದರೆ ನಾನು ಬಸ್ಸು ಹತ್ತಿ ಮನೆಗೆ ಹೋಗುತ್ತೇನೆ.

ಅಕ್ಕ


ಗುರುಪುರ
23–10–1973

ರುದ್ರಸ್ವಾಮಿಯವರಿಗೆ ಚಿಕ್ಕಬಸಮ್ಮ ಮಾಡುವ ನಮಸ್ಕಾರ.

ನಿಮಗೆ ನಾನು ಎಂದೂ ಕಾಗದ ಬರೆದವಳಲ್ಲ. ಇಂದು ಬರೆಯುವ ಹಾಗೆ ಮಾಡಿದಿರಿ.

ನಿನ್ನೆ ಬೆಳಿಗ್ಗೆಯಿಂದ ಪೋಸ್ಟಾಫೀಸಿನ ಬೆಂಚಿನ ಮೇಲೆ ಕೂತಿದ್ದೆ. ಲೈನು ಸಿಕ್ಕಿತು ಎಂದು ಕರೆದಾಗ ಕಾಲು ಜೋಮು ಹಿಡಿದು ಕುಂಟುತ್ತಾ ಓಡಿದೆ. ರಾಚಿ ಎಂದರೆ ನೀವು ಹಲೋ ಎಂದಿರಿ. ಅವಳೆಲ್ಲಿ ಎಂದರೆ ತರಕಾರಿ ತರಲು ಹೋಗಿದ್ದಾಳೆ ಎಂದಿರಿ. ನಾನು ಇದೇ ದಿನ, ಇದೇ ಹೊತ್ತು ಎಂದು ಎರಡು ವಾರ ಮೊದಲೇ ಬರೆದಿದ್ದೇನೆ. ಅಕ್ಕ ಫೋನು ಮಾಡುವ ಹೊತ್ತಿಗೇ ಅವಳಿಗೆ ಬದನೆಕಾಯಿ ಬೇಕಾಯಿತೇ? “ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ” ಎಂದು ಒಂದೇ ಸಮ ಹೇಳಿದಿರಿ. ಚೆನ್ನಾಗಿರುವವರ ವಿಷಯ ಒಂದು ಸಲ ಹೇಳಿದರೆ ಸಾಕು.

ಇನ್ನೊಂದು ಮಾತು. ನಿಮ್ಮ ಪಕ್ಕದಲ್ಲಿ ಬಳೆ ಸದ್ದಾಯಿತು. ಫೋನಿಗೆ ಅಷ್ಟು ಹತ್ತಿರ ನಿಂತಿದ್ದವಳು ಯಾರು? ಅದು ಯಾರ ಕೈ?

ನನ್ನ ತಂಗಿಯನ್ನು ನಿಮಗೆ ಕೊಡುವಾಗ ಅವಳು ಬಾಯಿಬಡುಕಿ, ಸಂಭಾಳಿಸಿಕೊಳ್ಳಿ ಎಂದಿದ್ದೆ. “ನನಗೆ ಮನೇಲಿ ಸದ್ದಿರಬೇಕು” ಎಂದು ನಕ್ಕಿದ್ದಿರಿ. ಆ ಸದ್ದು ಈಗ ಎಲ್ಲಿ? ಉತ್ತರ ಬಾರದಿದ್ದರೆ ನಾನೇ ಹೊರಟು ಬರುತ್ತೇನೆ. ಬೆಂಗಳೂರು ನನಗೆ ತಿಳಿಯದು, ಬಾಯಿದೆ, ಕೇಳಿಕೊಂಡು ಬರುತ್ತೇನೆ.

ಚಿಕ್ಕಬಸಮ್ಮ


ಬೆಂಗಳೂರು
1–11–1973

ಅಕ್ಕ,

ಆ ಬಳೆ ನನ್ನದು.

ನಾನು ಇವರ ಪಕ್ಕದಲ್ಲೇ ಇದ್ದೆ. ಇವರ ಕೆನ್ನೆಗೆ ಕೆನ್ನೆ ಒತ್ತಿ ಅದೇ ಫೋನಿಗೆ ಕಿವಿ ಕೊಟ್ಟಿದ್ದೆ. ನೀನು ರಾಚಿ, ರಾಚಿ ಎಂದು ಕೂಗಿದ್ದೆಲ್ಲ ಕೇಳಿತು. ಅಕ್ಕ ಎನ್ನಲು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ.

ಮೊದಲಿಂದ ಬರೆಯುತ್ತೇನೆ. ಆ ಕೆಮ್ಮು ನನ್ನದೇ. ನೀನು ಹೇಳಿದ್ದೇ ಸರಿ. ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ತೆಗೆಯದಿದ್ದರೆ ಉಸಿರಿಗೇ ಕುತ್ತು, ತೆಗೆದರೆ ದನಿಗೆ ಏನಾಗುತ್ತದೋ ಹೇಳಲು ಆಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ದನಿಯ ನರವನ್ನೇ ಅದು ಸುತ್ತಿಕೊಂಡಿತ್ತಂತೆ. ಚೆನ್ನಿ ತವರಿಗೆ ಹೋದಳು ಎಂದರಲ್ಲ, ಆ ದಿನಗಳಲ್ಲಿ ನಾನು ಆಸ್ಪತ್ರೆಯಲ್ಲಿದ್ದೆ. ಜೀವಕ್ಕೆ ಇನ್ನು ಭಯವಿಲ್ಲ. ಮಾತು ಮತ್ತೆ ಬರುವ ಆಸೆ ಇಟ್ಟುಕೊಳ್ಳಬೇಡ ಎಂದಿದ್ದಾರೆ.

ಈಗ ಮಾತಾಡುವ ಹುಡುಗಿ ಒಳ್ಳೆಯವಳು. ನನ್ನ ಹಳೆಯ ಟೇಪುಗಳನ್ನು ಕೇಳಿ ಕೇಳಿ ನನ್ನ ಹಾಗೆ ಮಾತಾಡಲು ಕಲಿತಿದ್ದಾಳೆ. ಕುಳ್ಳಮ್ಮನಿಗೆ ಹೇಳು, ಆ ಹುಡುಗಿ ಇವರನ್ನು ಅಣ್ಣ ಎನ್ನುತ್ತಾಳೆ. ನಿನಗೆ ಹೇಳಬಾರದು ಎಂದು ಇವರಿಂದ ಆಣೆ ಹಾಕಿಸಿಕೊಂಡವಳು ನಾನು. ಫೋನಿನಲ್ಲಿ ಸುಳ್ಳು ಹೇಳಿ ಆ ದಿನವೆಲ್ಲ ಇವರು ಊಟ ಮಾಡಲಿಲ್ಲ.

ನಿನಗೆ ಏಕೆ ಮುಚ್ಚಿಟ್ಟೆ ಎಂದು ಕೇಳುತ್ತೀಯ. ನಿನ್ನನ್ನು ಮೂರನೇ ಕ್ಲಾಸಿನಿಂದ ಬಿಡಿಸಿದ್ದು ನನ್ನನ್ನು ಎತ್ತಿಕೊಳ್ಳಲು. ಮತ್ತೆ ಸೇರಿಸಿದರು, ನಾನು ಸೀತಾಳೆ ಸಿಡುಬು ಹಿಡಿದು ಮಲಗಿದೆ, ಮತ್ತೆ ಬಿಡಿಸಿದರು. ನನಗೆ ಮಾತು ತಡವಾಗಿ ಬಂತಂತೆ. ಮೂಗಿ ಎಂದು ಊರೆಲ್ಲ ಹೇಳಿದಾಗ ನೀನು ಸೊಂಟದ ಮೇಲೆ ಕೂರಿಸಿಕೊಂಡು ಕಾಗೆ ತೋರಿಸಿ ಕಾಗೆ ಎಂದೆ, ಒನಕೆ ತೋರಿಸಿ ಒನಕೆ ಎಂದೆ. ನನ್ನ ಮೊದಲ ಮಾತು ಅವ್ವ ಅಲ್ಲ, ಅಕ್ಕ. ನೀನೇ ಹೇಳಿದ್ದು ಇದು. ಮಾತು ಕಲಿಸಿದವಳಿಗೆ, ಆ ಮಾತು ಹೋಯಿತು ಎಂದು ಹೇಗೆ ಬರೆಯಲಿ?

ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ರಾಚಿ


ಗುರುಪುರ
12–11–1973

ರಾಚಿ,

ನಿನ್ನ ಕಾಗದವನ್ನು ಓದಿ ಬ್ಯಾರನ್ನಿನ ಹಿಂದೆ ಹೋಗಿ ಕೂತೆ. ನಿಮ್ಮ ಭಾವ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತರು.

ರುದ್ರಸ್ವಾಮಿಯವರಿಗೆ ನಾನು ಬರೆದದ್ದನ್ನು ಸುಟ್ಟುಬಿಡಲು ಹೇಳು. ಅವರ ಮುಖ ಹೇಗೆ ನೋಡಲಿ?

ಆದರೂ ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಜೀವಕ್ಕೆ ಭಯವಿಲ್ಲ ಎಂದು ಬರೆದಿದ್ದೀಯಲ್ಲ, ಅದು ಡಾಕ್ಟರು ಹೇಳಿದ್ದೋ, ನನಗಾಗಿ ನೀನು ಬರೆದದ್ದೋ? ಕೆಮ್ಮು ಬರೆದದ್ದೇ ಎಂದವಳು ನೀನು. ನೆಗಡಿ ಎಂದವಳೂ ನೀನೇ. ನಿನ್ನ ಅಕ್ಷರ ನೋಡಿದರೆ ಸಾಲದಾಗಿದೆ ನನಗೆ. ನೀನು ನಕ್ಕರೆ, ಕೂಗಿದರೆ, ಜಗಳವಾಡಿದರೆ ಹೇಗಿದ್ದೀಯ ಎಂದು ಗೊತ್ತಾಗುತ್ತಿತ್ತು. ಇನ್ನು ಹೇಗೆ ತಿಳಿಯಲಿ?

ಊರಿಗೆ ಬಂದುಬಿಡು. ಇಲ್ಲಿ ನಿನಗೆ ಮಾತು ಬೇಡ. ನಾನು ನಿನ್ನ ಪಾಲಿನದ್ದೂ ಆಡುತ್ತೇನೆ.

ಅಕ್ಕ


ಬೆಂಗಳೂರು
16–12–1973

ಅಕ್ಕನಿಗೆ ನಮಸ್ಕಾರ.

ತಡವಾಯಿತು. ಜೀವಕ್ಕೆ ಭಯವಿಲ್ಲ ಎಂದದ್ದು ಡಾಕ್ಟರೇ. ಅವ್ವನ ಆಣೆ.

ಈಗಲೇ ಬರಲಾರೆ. ಬಂದರೆ ಊರಿನವರು ನನ್ನನ್ನು ಮತ್ತೆ ಮೂಗಿ ಎನ್ನುತ್ತಾರೆ, ನೀನು ಒಬ್ಬೊಬ್ಬರ ಮೇಲೂ ಜಗಳಕ್ಕೆ ಹೋಗುತ್ತೀಯ. ಅದೂ ಅಲ್ಲದೆ ಇಲ್ಲಿ ಒಂದು ಕೆಲಸ ಹಿಡಿದಿದ್ದೇನೆ. ಏನೆಂದು ಬರೆಯುವುದಿಲ್ಲ. ನನ್ನ ಅಕ್ಷರ ಸಾಲದು ಎಂದೆಯಲ್ಲ, ಅದಕ್ಕೇ. ನೀನು ಭಾನುವಾರ ಕಟ್ಟೆಗೆ ಹೋಗುವುದನ್ನು ನಿಲ್ಲಿಸಿದ್ದೀಯ ಎಂದು ನನಗೆ ಗೊತ್ತು. ಹೊಸ ವರ್ಷದಿಂದ ಮತ್ತೆ ಹೋಗು.

ರಾಚಿ


ಗುರುಪುರ
14–1–1974, ಸಂಕ್ರಾಂತಿ

ಚಿ. ಸೌ. ರಾಚಮ್ಮನಿಗೆ ಅಕ್ಕನ ಆಶೀರ್ವಾದ.

ಮನೆಯಲ್ಲಿ ಎಳ್ಳು ಬೆಲ್ಲ ಹಾಗೇ ಇದೆ. ಹಸುವಿನ ಮೈ ತೊಳೆಯಬೇಕು. ಅದೆಲ್ಲ ಇರಲಿ ಎಂದು ಮೊದಲು ಇದನ್ನು ಬರೆಯುತ್ತಿದ್ದೇನೆ.

ಹೊಸ ವರ್ಷದ ಮೊದಲ ಭಾನುವಾರ ಹೋಗಲಿಲ್ಲ. ಆ ಹುಡುಗಿಯ ಬಾಯಲ್ಲಿ ನಿನ್ನ ನಗು ಕೇಳಲು ಮನಸ್ಸು ಬರಲಿಲ್ಲ. ಏನೋ ಮುಚ್ಚಿಟ್ಟಿದ್ದೀಯ ಎಂಬ ಅನುಮಾನ ಬೇರೆ. ನಿನ್ನೆ ಕುಳ್ಳಮ್ಮನೇ ಕೈ ಹಿಡಿದು ಎಳೆದುಕೊಂಡು ಹೋದಳು. ನಾನು ಹಿಂದೆ, ಕಂಬಕ್ಕೆ ಒರಗಿ ಕೂತೆ.

ಮೊದಲಿಗೆ ಬಾವಿ. ರಾಟೆ ದೂರದಲ್ಲಿ ಕಿರುಗುಟ್ಟಿತು, ಹಿತ್ತಲಲ್ಲಿ ಇರುವ ಬಾವಿ ಎಷ್ಟು ದೂರ ಕೇಳಬೇಕೋ ಅಷ್ಟು ದೂರದಲ್ಲಿ. ಕೊಡ ತುಂಬಿದ ಮೇಲೆ ರಾಟೆಯ ದನಿ ದಪ್ಪವಾಯಿತು. ನಾನು ಒರಗಿದ್ದವಳು ನೆಟ್ಟಗಾದೆ. ಆಮೇಲೆ ಹಿತ್ತಲ ಬಾಗಿಲು ತೆರೆಯಿತು. ಅದು ಬೀದಿ ಬಾಗಿಲಿನ ಸದ್ದಲ್ಲ, ಸಣ್ಣ ಬಾಗಿಲು, ಕೆಳಗೆ ನೆಲಕ್ಕೆ ಉಜ್ಜುವ ಬಾಗಿಲು. ನಮ್ಮ ಹಿತ್ತಲ ಬಾಗಿಲಿನ ಹಾಗೆ.

ಚೆನ್ನಿ ರಾಗಿ ಅಳೆಯಲು ಕೂತಳು. “ಲಾಭ” ಎಂದಳು. ಮರಿಯಯ್ಯ ತಿರುಗಿ ನನ್ನ ಮುಖ ನೋಡಿದ. ನಾನು ಅಲುಗಾಡಲಿಲ್ಲ. ಯಾರಾದರೂ ಹೇಳಿಕೊಟ್ಟರೆ ಯಾವ ಹುಡುಗಿಯಾದರೂ ಅನ್ನಬಹುದು. ಒಂದು ಮಾತಿಗೆ ಮೋಸ ಹೋಗುವವಳಲ್ಲ ನಾನು.

ಆಮೇಲೆ ಮೊರ ಎತ್ತಿಕೊಂಡಳು.

ಪೇಪರಲ್ಲ, ಇಲಿಯಲ್ಲ. ಬಿದಿರಿನ ಮೊರ, ಅದರೊಳಗೆ ಕಾಳು. ಮೇಲಕ್ಕೆ ಹಾರಿ, ಬಿದ್ದು, ಅಂಚಿಗೆ ಸರಿದು, ಮತ್ತೆ ಹಾರಿತು. ಪ್ರತಿ ಸಲ ಎಡಗೈ ಒಂದಿಷ್ಟು ತಡ. ಎಡಗೈ ತಡ ಮಾಡುತ್ತೀಯ ಎಂದು ಅವ್ವ ನಿನಗೆ ಎಷ್ಟು ಬೈದಿಲ್ಲ? ಆದರೂ ಕಾದೆ. ಮುಗಿಯಲಿ, ಮುಗಿದ ಮೇಲೆ ಏನು ಮಾಡುತ್ತಾಳೋ ನೋಡೋಣ ಎಂದು. ಕೇರುವುದು ನಿಂತಿತು. ಮೊರ ಬೋರಲಾಯಿತು. ನೀನು ಅದರ ಬೆನ್ನಿಗೆ ಎರಡು ಸಲ ತಟ್ಟಿದೆ, ಬಳೆಯ ಕೈಯಲ್ಲಿ.

ಅದೇ ಬಳೆ ರಾಚಿ. ಫೋನಿನಲ್ಲಿ ಕೇಳಿದರೂ ಗೊತ್ತಾಗದೆ ಯಾರ ಕೈ ಎಂದು ಕೇಳಿದ್ದೆನಲ್ಲ, ಅದೇ ಕೈ.

ನಾನು ಎದ್ದು ನಿಂತುಬಿಟ್ಟೆ. “ನಮ್ ರಾಚಿ ಕಣ್ರೋ! ನಮ್ ರಾಚಿ!” ಎಂದೆ. ಕುಳ್ಳಮ್ಮ, “ಅಯ್ಯೋ ಕೂತ್ಕೊಳಕ್ಕ, ಮಾತಾಡ್ತಿರೋಳು ಬ್ಯಾರೆ ಅಂತ ನೀನೇ ಯೋಳಿದ್ದಲ್ಲ” ಎಂದಳು. “ಮಾತಾಡಾಳು ಬ್ಯಾರೆ ಕಣೇ, ಮನೇಲಿರಾಳು ನನ್ ತಂಗಿ” ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ. ಸೆರಗಿನಿಂದ ನನ್ನ ಮುಖ ಒರೆಸಿದಳು. ಮರಿಯಯ್ಯ, ಯಾವಾಗಲೂ ಗದರುವವನು, ರೇಡಿಯೋದ ಕಿವಿ ತಿರುಗಿಸಿ ಸದ್ದು ಜೋರು ಮಾಡಿದ. ಎಲ್ಲರೂ ಕೂತು ನೀನು ಪಾತ್ರೆ ತೊಳೆದದ್ದು, ಕಸ ಗುಡಿಸಿದ್ದು, ದೀಪಕ್ಕೆ ಕಡ್ಡಿ ಗೀರಿದ್ದು ಕೇಳಿದೆವು. ನಾನು ಮೊದಲ ಸಲ ಅಲ್ಲಿ ನಕ್ಕೆ.

ರುದ್ರಸ್ವಾಮಿಯವರು ತಮ್ಮ ಕೆಲಸದಲ್ಲಿ ನಿನ್ನನ್ನು ಜೊತೆಗೆ ಕರೆದುಕೊಂಡಿದ್ದಾರೆ ಎಂದು ಈಗ ತಿಳಿಯಿತು. ಮನೆಯಲ್ಲಿ ಸದ್ದಿರಬೇಕು ಎಂದಿದ್ದರಲ್ಲ. ಅವರಿಗೆ ನನ್ನ ನಮಸ್ಕಾರ ಹೇಳು. ಎಳ್ಳು ಬೆಲ್ಲ ಕಟ್ಟಿಡುತ್ತೇನೆ, ಆ ಕಡೆ ಯಾರಾದರೂ ಹೊರಟರೆ ಕಳಿಸುತ್ತೇನೆ.

ಒಂದೇ ಒಂದು ಅನುಮಾನ ಉಳಿದಿದೆ, ಬರೆಯದೆ ಇದ್ದರೆ ನಿದ್ದೆ ಬರುವುದಿಲ್ಲ. ಕೇರುವಾಗ ಆ ಹುಡುಗಿ “ಅಕ್ಕೀಲಿ ಎಷ್ಟು ಕಲ್ಲು” ಎಂದಳು. ನಿನ್ನ ಮೊರದಲ್ಲಿದ್ದದ್ದು ರಾಗಿ. ಅಕ್ಕಿ ಅಷ್ಟು ಸಣ್ಣಗೆ ಸುರಿಯುವುದಿಲ್ಲ. ಅವಳಿಗೆ ಹೇಳಿ ಸರಿ ಮಾಡಿಸು. ಕುಳ್ಳಮ್ಮನಿಗೆ ಇನ್ನೂ ಗೊತ್ತಾಗಿಲ್ಲ.

ನಿನ್ನ ಅಕ್ಕ
ಚಿಕ್ಕಬಸಮ್ಮ